ಹದಿನೆಂಟು ಹೋಲ್, ಮೂವರು ಗೆಳೆಯರು

ಗಾಲ್ಫ್ ಟೂರ್ನಿಯಲ್ಲಿ ಪ್ರೇಕ್ಷಕನಿಗೆ ಕುರ್ಚಿ ಕಾದಿರುವುದಿಲ್ಲ. ಆಟಗಾರ ನಡೆದಂತೆ ಹಗ್ಗದ ಈಚೆ ಅವನೂ ನಡೆಯಬೇಕು. ಹದಿನೆಂಟು ಹೋಲ್ ಮುಗಿಯಲು ನಾಲ್ಕೈದು ತಾಸು ಬೇಕು, ಅಷ್ಟರಲ್ಲಿ ಆರೇಳು ಕಿಲೋಮೀಟರ್ ನಡಿಗೆ ಆಗಿರುತ್ತದೆ. ಚೆಂಡಿಗೆ ಹೊಡೆತ ಬೀಳುವ ಅರೆ ನಿಮಿಷ ಬಾಯಿ ಮುಚ್ಚಿ ನಿಂತರೆ, ಮುಂದಿನ ಹೊಡೆತದವರೆಗೆ ಹರಟೆಗೆ ಯಾರ ಅಡ್ಡಿಯೂ ಇಲ್ಲ. ಬಹುಕಾಲದ ನಂತರ ಸೇರುವ ಗೆಳೆಯರಿಗೆ ಇದಕ್ಕಿಂತ ಹೊಂದುವ ಆಟ ಇನ್ನೊಂದಿಲ್ಲ ಎಂಬುದು 2018ರ ಆಗಸ್ಟ್‌ನಲ್ಲಿ ನನಗೆ ಖಾತ್ರಿಯಾಯಿತು.

ನಮ್ಮ ತಾಳಗುಪ್ಪ ರೈಲಿನ ಕೊನೆಯ ನಿಲ್ದಾಣ. ಮುಂದೆ ಜೋಗಕ್ಕಾಗಲಿ ಹೊನ್ನಾವರಕ್ಕಾಗಲಿ ರಸ್ತೆಯೇ ಗತಿ. ಮೀಟರ್‌ಗೇಜ್ ಹಳಿಯ ಮೇಲೆ ರೈಲ್‌ಬಸ್ ಓಡುತ್ತಿದ್ದ ಕಾಲದಲ್ಲಿ ಬೆಂಗಳೂರೆಂದರೆ ದೊಡ್ಡ ಪ್ರಯಾಣ. 2011ರ ಹೊತ್ತಿಗೆ ಬ್ರಾಡ್‌ಗೇಜ್ ಬಂತು. ಈಗ ರಾತ್ರಿ ಹತ್ತಿ ಮಲಗಿದರೆ ನಸುಕಿಗೆ ಬೆಂಗಳೂರು. ಆ ಶನಿವಾರ ಭೀಮನ ಅಮಾವಾಸ್ಯೆ. ಪೂಜೆ ಮುಗಿಸಿ ರೈಲು ಹತ್ತಿದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ದಿನಗಳಲ್ಲಿ ತೋಟ ಬಿಟ್ಟು ಆಟ ನೋಡಲು ಹೊರಟವನನ್ನು ಮನೆಯಲ್ಲಿ ಯಾರೂ ಹೊಗಳಲಿಲ್ಲ.

ಕಾದಿದ್ದವರು ಇಬ್ಬರು, ಸಾಗರದ ಎಲ್.ಬಿ. ಕಾಲೇಜಿನಲ್ಲಿ ನನ್ನ ಬೆಂಚಿನಲ್ಲೇ ಕೂತವರು. ಒಬ್ಬ ಬ್ಯಾಂಕಿನಿಂದ ನಿವೃತ್ತ, ಇನ್ನೊಬ್ಬ ಎಚ್‌ಎಎಲ್‌ನಿಂದ. ಎಚ್‌ಎಎಲ್‌ನವನ ಮನೆ ಮುರುಗೇಶಪಾಳ್ಯದಲ್ಲಿ, ಗಾಲ್ಫ್ ಮೈದಾನದ ನೆರೆಯಲ್ಲೇ. ಆದರೂ ಅಲ್ಲಿಯವರೆಗೆ ಅವನು ಕಂಡದ್ದು ಕಾಂಪೌಂಡ್ ಗೋಡೆಯನ್ನು ಮಾತ್ರ. ‘ನಮ್ಮಂಥೋರನ್ನ ಒಳಗೆ ಬಿಡ್ತಾರೇನ ಮಾರಾಯ?’ ಎಂದು ಗೇಟಿನವರೆಗೂ ಕೇಳುತ್ತಲೇ ಬಂದ. ಬಿಟ್ಟರು.

ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಈ ಹಸಿರು ಹಬ್ಬಿರುವುದು ಹಿಂದೆ ಚಲ್ಲಘಟ್ಟ ಕೆರೆ ಇದ್ದ ಜಾಗದಲ್ಲಿ. ನಗರದ ಗಾಲ್ಫ್ ಚರಿತ್ರೆ ಇದಕ್ಕಿಂತ ಬಹಳ ಹಳೆಯದು. ಸ್ಯಾಂಕಿ ರಸ್ತೆಯ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆದರೆ ಅದಿತಿ ಅಶೋಕ್ ಹೆಸರು ಅಂಟಿಕೊಂಡಿರುವುದು ಈ ಚಲ್ಲಘಟ್ಟದ ಮೈದಾನಕ್ಕೆ. ಐದು ವರ್ಷದ ಮಗುವಾಗಿದ್ದಾಗ ಅಪ್ಪ ಅಮ್ಮನ ಜೊತೆ ಪಕ್ಕದ ರೆಸ್ಟೊರೆಂಟಿಗೆ ತಿಂಡಿಗೆ ಬಂದು, ಅಲ್ಲಿಂದ ಕಂಡ ಆಟಕ್ಕೆ ಮನಸೋತ ಹುಡುಗಿ ಆಕೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವಳಾದಾಗ ಬ್ಯಾಗ್ ಹೊತ್ತು ಜೊತೆಗೆ ನಡೆದವರು ತಾಯಿ ಮಹೇಶ್ವರಿ. ಗಾಲ್ಫ್ ಗೊತ್ತಿಲ್ಲದ ಮನೆಗಳಲ್ಲೂ ಅಂದು ಬೆಳಗ್ಗೆ ಟಿ.ವಿ. ಹಾಕಿದ್ದರು.

ನಾವು ನೋಡಹೋದದ್ದು ಏಷ್ಯನ್ ಟೂರ್‌ನ ಟೇಕ್ ಸೊಲ್ಯೂಷನ್ಸ್ ಮಾಸ್ಟರ್ಸ್‌ನ ಕೊನೆಯ ದಿನದ ಆಟ. ನಾಲ್ಕು ದಿನ, ಎಪ್ಪತ್ತೆರಡು ಹೋಲ್. ಎರಡು ದಿನದ ನಂತರ ಹಿಂದೆ ಬಿದ್ದವರೆಲ್ಲ ಮನೆಗೆ. ಪ್ರತಿ ಹೋಲ್‌ಗೂ ಇಷ್ಟು ಹೊಡೆತವೆಂದು ಗೊತ್ತುಮಾಡಿದ ‘ಪಾರ್’ ಇರುತ್ತದೆ. ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಬ್ಯಾಂಕಿನ ಗೆಳೆಯನಿಗೆ ಹಿಡಿಸಿದ್ದು ಲೆಕ್ಕದ ಶಿಸ್ತು. ಆಟಗಾರನ ಹೊಡೆತಗಳನ್ನು ಜೊತೆಗೆ ಆಡುವವನೇ ಬರೆದುಕೊಳ್ಳುತ್ತಾನೆ. ಕೊನೆಗೆ ಅದನ್ನು ತಾಳೆ ನೋಡಿ ಸಹಿ ಹಾಕುವ ಹೊಣೆ ಆಟಗಾರನದೇ. ನಿಜಕ್ಕಿಂತ ಕಡಿಮೆ ಸಂಖ್ಯೆಗೆ ಸಹಿ ಬಿದ್ದರೆ ಟೂರ್ನಿಯಿಂದಲೇ ಹೊರಕ್ಕೆ. ‘ಮ್ಯಾನೇಜರ್ ಇಲ್ಲದ ಬ್ರಾಂಚ್ ಇದು’ ಎಂದ.

ನನ್ನ ಕಣ್ಣು ಮಾತ್ರ ಆಟಗಾರರ ಬ್ಯಾಗ್ ಹೊತ್ತು ನಡೆಯುವ ಕ್ಯಾಡಿಗಳ ಮೇಲೆ. ಪ್ರತಿ ಹೊಡೆತದ ನಂತರ ಒದ್ದೆ ಟವೆಲಿನಿಂದ ಕ್ಲಬ್ಬಿನ ಮುಖಕ್ಕೆ ಮೆತ್ತಿದ ಮಣ್ಣು ಒರೆಸಬೇಕು. ಕುಳಿಯ ಸುತ್ತಲ ನುಣುಪು ಹುಲ್ಲಿನ ‘ಗ್ರೀನ್’ ಮೇಲೆ ಚೆಂಡಿದ್ದ ಜಾಗಕ್ಕೆ ಆಟಗಾರ ಬಿಲ್ಲೆ ಇಟ್ಟು ಎತ್ತಿಕೊಟ್ಟರೆ ಚೆಂಡನ್ನೂ ಉಜ್ಜಿ ಹಿಂತಿರುಗಿಸಬೇಕು. ಬ್ಯಾಗಿನಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕ್ಲಬ್ ಇರಕೂಡದು. ದೂರದ ಹೊಡೆತಕ್ಕೆ ಬಳಸುವ ಡ್ರೈವರ್‌ನ ಕೋಲು ಕಾರ್ಬನ್ ಫೈಬರಿನದು. ಇಂದು ನಮ್ಮಲ್ಲಿ ಮರ ಹತ್ತದೆ ಅಡಿಕೆ ಕೊನೆ ಇಳಿಸುವ, ಔಷಧಿ ಹೊಡೆಯುವ ದೋಟಿಗೂ ಬಂದಿರುವುದು ಅದೇ ಸಾಮಗ್ರಿ. ಹಗುರ ಇರಬೇಕು, ಬಳುಕಬೇಕು, ಮುರಿಯಬಾರದು ಎಂಬ ಬೇಡಿಕೆ ತೋಟದಲ್ಲೂ ಮೈದಾನದಲ್ಲೂ ಒಂದೇ.

ಅಂದು ಗೆದ್ದವನು ವಿರಾಜ್ ಮಾದಪ್ಪ. ಹೆಸರಲ್ಲೇ ಕೊಡಗಿನ ಗುರುತಿರುವ ಕೋಲ್ಕತ್ತದ ಹುಡುಗ, ವಯಸ್ಸು ಇಪ್ಪತ್ತು. ಏಷ್ಯನ್ ಟೂರ್‌ನಲ್ಲಿ ಪ್ರಶಸ್ತಿ ಗೆದ್ದ ಭಾರತೀಯರಲ್ಲಿ ಅತಿ ಕಿರಿಯನೆಂಬ ಹೆಗ್ಗಳಿಕೆ ಅವನದಾಯಿತು. ಇದು ದುಡ್ಡಿದ್ದವರ ಆಟ ಎಂಬ ಮಾತಿನಲ್ಲಿ ಸುಳ್ಳೇನಿಲ್ಲ. ಆದರೆ ಬಿಡದಿ ಬಳಿಯ ಈಗಲ್ಟನ್ ಮೈದಾನದ ಮಗ್ಗುಲ ಹಳ್ಳಿಯಿಂದ ಬಂದು, ಚೆಂಡು ಹೆಕ್ಕುತ್ತಲೇ ಆಟ ಕಲಿತು, ಕೋಚ್ ವಿಜಯ್ ದಿವೇಚಾ ಕೈಯಲ್ಲಿ ಪಳಗಿ ವೃತ್ತಿಪರನಾದ ಎಸ್. ಚಿಕ್ಕರಂಗಪ್ಪ ಕೂಡ ಇದೇ ಆಟದ ಮನುಷ್ಯ. ಅದೇ ಕೋಚ್‌ನ ಇನ್ನೊಬ್ಬ ಶಿಷ್ಯ ಅನಿರ್ಬನ್ ಲಾಹಿರಿ 2015ರಲ್ಲಿ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಐದನೇ ಸ್ಥಾನ ಹಂಚಿಕೊಂಡರು. ಅಗಸ್ಟಾದ ಮಾಸ್ಟರ್ಸ್ ಸೇರಿದಂತೆ ಜಗತ್ತಿನ ನಾಲ್ಕು ‘ಮೇಜರ್’ಗಳಲ್ಲಿ ಅದೊಂದು.

ನಾವು ಮೂವರು ಮದುವೆ ಮನೆಗಳಲ್ಲಿ ಎದುರಾಗುತ್ತಲೇ ಇದ್ದೆವು. ಅಲ್ಲಿ ‘ಹುಷಾರಾ?’ ಅನ್ನುವಷ್ಟರಲ್ಲಿ ಪಂಕ್ತಿಗೆ ಕರೆ ಬರುತ್ತದೆ. ಇಲ್ಲಿ ಹಾಗಲ್ಲ. ಬ್ಯಾಂಕಿನವನ ಬೈಪಾಸ್ ಆಪರೇಷನ್ ಸಂಗತಿ ಆರನೇ ಹೋಲ್‌ನಲ್ಲಿ ಹೊರಬಂತು. ಊರಿನ ಮನೆ ಮಾರಬೇಕೋ ಬೇಡವೋ ಎಂಬ ಎಚ್‌ಎಎಲ್‌ನವನ ಸಂಕಟ ಹದಿನೈದನೆಯದರಲ್ಲಿ. ಮಾತು ಭಾರವಾದಾಗಲೆಲ್ಲ ಮಾರ್ಷಲ್ ಕೈ ಎತ್ತುತ್ತಿದ್ದ, ಸುಮ್ಮನಾಗುತ್ತಿದ್ದೆವು. ಚೆಂಡು ಹಾರಿದ ಮೇಲೆ ಬೇಕಾದರೆ ಅದೇ ಮಾತು, ಬೇಡವಾದರೆ ಬೇರೆ.

ಹೋಗುವ ಮನಸ್ಸಿದ್ದವರಿಗೆ ಇಷ್ಟು ಹೇಳಬಲ್ಲೆ. ಪ್ರವೇಶ ಹೇಗೆಂದು ಮೊದಲೇ ಕ್ಲಬ್ಬಿನಲ್ಲಿ ವಿಚಾರಿಸಿ. ಕಾಲರ್ ಇರುವ ಅಂಗಿ, ಮೆತ್ತನೆಯ ಶೂ ಇರಲಿ. ಮೊಬೈಲ್ ಸದ್ದು ಮಾಡದಿರಲಿ. ಇಡೀ ಮೈದಾನ ಸುತ್ತಲಾಗದಿದ್ದರೆ ಒಂದು ಗ್ರೀನ್ ಪಕ್ಕ ನಿಲ್ಲಿ, ಆಟಗಾರರೆಲ್ಲ ತಂಡತಂಡವಾಗಿ ಅಲ್ಲಿಗೇ ಬರುತ್ತಾರೆ. ಆಟ ಅರ್ಥವಾಗದ ಗೆಳೆಯನಿದ್ದರೆ ಅವನನ್ನೇ ಮೊದಲು ಕರೆಯಿರಿ. ಅವನಿಗೆ ವಿವರಿಸುವ ನೆಪದಲ್ಲೇ ಅರ್ಧ ಮಾತು ಶುರುವಾಗುತ್ತದೆ.