ಮಹಾಮಾರಿಯ ಕಾಲದ ಪಾಠಪ್ರವಚನ

ಪಾಠವೆಂಬುದು ಗುರುವಿನ ಬಾಯಿಂದ ಹೊರಟು ಶಿಷ್ಯನ ಕಿವಿಯನ್ನು ಸೇರಿದೊಡನೆ ಮುಗಿಯುವ ವ್ಯಾಪಾರವಲ್ಲ. ಎದುರಿಗೆ ಕುಳಿತವರ ಕಣ್ಣಿನಲ್ಲಿ ಅರ್ಥ ಮೂಡಿತೋ ಇಲ್ಲವೋ ಎಂಬುದನ್ನು ನೋಡಿಕೊಂಡು ಮಾತಿನ ಓಟವನ್ನು ಹಿಡಿಯುವುದೂ ಬಿಡುವುದೂ ಅಧ್ಯಾಪಕನ ನಿತ್ಯದ ಅಭ್ಯಾಸ. 2020ರ ಮಾರ್ಚಿಯಲ್ಲಿ ಕೋವಿಡ್ ಮಹಾಮಾರಿಯ ದೆಸೆಯಿಂದ ಮಹಾವಿದ್ಯಾಲಯಗಳು ಮುಚ್ಚಿದಾಗ ಮೊದಲು ತಪ್ಪಿಹೋದುದು ಈ ನೋಟವೇ.

ವಿಶ್ವವಿದ್ಯಾಲಯ ಅನುದಾನ ಆಯೋಗವು ಆ ವರ್ಷದ ಏಪ್ರಿಲಿನಲ್ಲಿ ಹೊರಡಿಸಿದ ಮಾರ್ಗಸೂಚಿಯು, ಪಠ್ಯದಲ್ಲಿ ನೂರಕ್ಕೆ 25 ಭಾಗವನ್ನು ಆನ್‌ಲೈನ್ ಮೂಲಕ, ಉಳಿದ 75 ಭಾಗವನ್ನು ಮುಖಾಮುಖಿಯಾಗಿ ಕಲಿಸಲು ಸಿದ್ಧರಿರಬೇಕೆಂದಿತು. ಆದರೆ ಕರ್ನಾಟಕದಲ್ಲಿ ಪದವಿ ತರಗತಿಗಳ ಬಾಗಿಲು ತೆರೆದುದು ನವೆಂಬರ್ 17ರಂದು. ಅಲ್ಲಿಯವರೆಗೆ ಕಾಲು ಭಾಗವೆಂದು ಎಣಿಸಿದ್ದೇ ಪೂರ್ಣವಾಯಿತು.

ಆರಂಭದಲ್ಲಿ ಎಷ್ಟೋ ಕಡೆ ಕಾಲೇಜಿನ ವೇಳಾಪಟ್ಟಿಯನ್ನೇ ಎತ್ತಿ ಮೊಬೈಲಿನ ತೆರೆಯ ಮೇಲೆ ಇಟ್ಟುದು ತಪ್ಪಾಯಿತು. ಒಂದು ಗಂಟೆಯ ನೇರ ಚಿತ್ರಪಾಠವು ಸುಮಾರು ಅರ್ಧದಿಂದ ಒಂದು ಜಿಬಿ ಡೇಟಾವನ್ನು ನುಂಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮನೆಯಲ್ಲಿ ಮೂರನೆಯ ಪಾಠಕ್ಕೇ ಅದು ಬರಿದು. ಮಲಪ್ರಭೆಯ ದಂಡೆಯ ಬಾದಾಮಿ, ಹುನಗುಂದ ತಾಲೂಕುಗಳ ಊರುಗಳು 2019ರ ಆಗಸ್ಟಿನ ಮಹಾಪೂರದಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. ಅಂಥಲ್ಲಿ ಎರಡನೆಯ ಫೋನ್ ಕೊಳ್ಳುವ ಮಾತು ದೂರವೇ ಉಳಿಯಿತು. ಇರುವ ಒಂದು ಫೋನು ತಂದೆಯೊಡನೆ ಹೊಲಕ್ಕೆ ಹೋದರೆ ಮನೆಗೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಅಂಥ ಮನೆಗೆ ಬೇಕಾದುದು ಹತ್ತು ಗಂಟೆಯ ತರಗತಿಯಲ್ಲ, ರಾತ್ರಿ ತೆರೆದು ಕೇಳಬಹುದಾದ ಪಾಠ. ಹತ್ತು ನಿಮಿಷದ ಧ್ವನಿಪಾಠವು ಕೆಲವೇ ಎಂಬಿಗಳಲ್ಲಿ ಅಡಕವಾಗುತ್ತದೆ. ಜೊತೆಗೆ ಒಂದು ಪುಟದ ಟಿಪ್ಪಣಿ, ಎರಡು ಪ್ರಶ್ನೆ. ಇಷ್ಟನ್ನು ರೂಪಿಸಲು ಅಧ್ಯಾಪಕನು ತನ್ನ ಒಂದು ಗಂಟೆಯ ಮಾತಿನಲ್ಲಿ ತಿರುಳೆಷ್ಟು, ತೌಡೆಷ್ಟು ಎಂದು ಕೇರಿ ನೋಡಲೇಬೇಕಾಯಿತು. (ಆ ಲೆಕ್ಕ ಎಲ್ಲರಿಗೂ ಹಿತವಾಗಿದ್ದಿರಲಾರದು!)

ಕನ್ನಡದ ಪಾಠಕ್ಕೆ ಒಂದು ನಿದರ್ಶನ: ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ. ಸುಮಾರು ಕ್ರಿ.ಶ. 700ರ ಈ ಬರಹದಲ್ಲಿ ಕನ್ನಡದ ಅತಿ ಹಳೆಯ ತ್ರಿಪದಿಗಳಿವೆ. ಬಂಡೆಯ ಮುಂದೆ ಮೂವತ್ತು ಜನ ನಿಂತಾಗ ಹಿಂದಿನವನಿಗೆ ಕಾಣದ ಅಕ್ಷರವನ್ನು ಛಾಯಾಚಿತ್ರದಲ್ಲಿ ಹಿಗ್ಗಿಸಿ ತೋರಬಹುದು. ಇಲ್ಲಿ ತೆರೆಯದೇ ಮೇಲುಗೈ. ಆದರೆ ಛಂದಸ್ಸಿನ ಮಾತು ಬೇರೆ. ತ್ರಿಪದಿಯ ಹನ್ನೊಂದು ಗಣಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಮಿಕ್ಕವು ವಿಷ್ಣುಗಣ ಎಂಬುದನ್ನು ಹಾಳೆಯಲ್ಲಿ ಬರೆದು ಕಳಿಸಬಹುದು. ಅಂಶಗಣದ ಹಿಗ್ಗು ಕುಗ್ಗು ತಿಳಿಯುವುದು ಮಾತ್ರ ದನಿಯೆತ್ತಿ ಹಾಡಿದಾಗ. ತರಗತಿಯಲ್ಲಿ ಎಲ್ಲರೂ ಕೂಡಿ ಹಾಡುತ್ತಿದ್ದರು. ಆನ್‌ಲೈನಿನಲ್ಲಿ ಒಬ್ಬೊಬ್ಬರ ದನಿಯೂ ಒಂದೊಂದು ಕ್ಷಣಕ್ಕೆ ತಲಪುವುದರಿಂದ ಮೇಳವಾಚನ ಕಲಸುಮೇಲೋಗರವಾಗುತ್ತದೆ. ಇದಕ್ಕೆ ದಾರಿಯೆಂದರೆ, ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಓದಿದ್ದನ್ನು ಧ್ವನಿಮುದ್ರಿಸಿ ಕಳಿಸುವುದು. ಎಂಬತ್ತು ಜನರ ತರಗತಿಯಲ್ಲಿ ವರ್ಷವಿಡೀ ಬಾಯಿ ತೆರೆಯದ ಕೊನೆಯ ಬೆಂಚಿನ ಹುಡುಗಿಯ ಉಚ್ಚಾರವನ್ನು ಅಧ್ಯಾಪಕನು ಒಂಟಿಯಾಗಿ, ಬೇಕಾದರೆ ಎರಡು ಸಲ, ಕೇಳುವುದು ಇದರಿಂದ ಸಾಧ್ಯ. ಇಳಕಲ್ಲಿನ ನೇಕಾರರ ಮನೆಯಿಂದ ಬರುವ ಓದಿನ ಹಿಂದೆ ಮಗ್ಗದ ಲಾಳಿಯ ಸದ್ದೂ ಇದ್ದೀತು. ಅದನ್ನು ದೋಷವೆಂದು ಎಣಿಸತಕ್ಕದ್ದಲ್ಲ. ಆ ಮಗು ಎಲ್ಲಿ ಕುಳಿತು ಓದುತ್ತಿದೆ ಎಂಬುದು ಗುರುವಿಗೆ ತಿಳಿದಂತಾಯಿತು.

ವಿಜ್ಞಾನ ಹಾಗೂ ತಾಂತ್ರಿಕ ವಿಷಯಗಳಿಗೆ ಇಷ್ಟು ಅನುಕೂಲವಿರಲಿಲ್ಲ. ಕೇಂದ್ರ ಸರಕಾರದ ವರ್ಚುಯಲ್ ಲ್ಯಾಬ್‌ಗಳಲ್ಲಿ ಪ್ರಯೋಗದ ಕ್ರಮವನ್ನು ಅರಿಯಬಹುದು, ಕೈಗೆ ಹದ ಬರಲಾರದು. ಬಾಗಲಕೋಟೆಯಂಥ ಕಡೆ ಇಂಜಿನಿಯರಿಂಗ್ ಕಲಿಯುವವರಿಗೆ ತತ್ತ್ವಭಾಗವನ್ನು ಮನೆಗೆ ಕಳಿಸಿ, ಕಾರ್ಯಾಗಾರದ ಭಾಗವನ್ನು ಬಾಗಿಲು ತೆರೆದ ದಿನಗಳಿಗೆ ಕಾಯ್ದಿಡುವುದೇ ಯುಕ್ತವಾದ ಹಂಚಿಕೆ.

ಎಲ್ಲಕ್ಕಿಂತ ಕಠಿನವಾದುದು ಹಾಜರಿಯ ಪ್ರಶ್ನೆ. ತೆರೆಯ ಮೇಲೆ ಹೆಸರು ಕಾಣದವನನ್ನು ಆಲಸಿಯೆಂದು ಬಗೆಯುವುದು ಸುಲಭ. ಅವನು ಕೂಲಿಗೆ ಹೋಗಿರಬಹುದು. ಅವಳ ಮದುವೆಯ ಮಾತು ನಡೆದಿರಬಹುದು. ಅದನ್ನು ಯಾವ ಯಂತ್ರವೂ ಹೇಳದು. ವಾರಕ್ಕೊಮ್ಮೆ ಮಾಡಿದ ಸಾದಾ ಫೋನ್ ಕರೆ ಹೇಳೀತು. 2021ರಲ್ಲಿ ಎರಡನೆಯ ಅಲೆ ಬಂದು ಬಾಗಿಲುಗಳು ಮತ್ತೆ ಮುಚ್ಚಿದವು. ಲಸಿಕೆಯ ಒಂದು ಡೋಸನ್ನಾದರೂ ಪಡೆದವರಿಗಾಗಿ ಜುಲೈ 26ರಂದು ಪದವಿ ಕಾಲೇಜುಗಳು ಪುನಃ ತೆರೆದಾಗ, ಹಾಜರಿ ಪುಸ್ತಕದಲ್ಲಿ ಖಾಲಿ ಉಳಿದ ಹೆಸರುಗಳ ಊರು ಕೇರಿಗಳನ್ನು ವಿಚಾರಿಸಿ ಹೊರಡುವ ಕೆಲಸವು ಅಧ್ಯಾಪಕರ ಪಾಲಿಗಿತ್ತು.