ಅಳಿಸಿ ಬರೆದ ಹೆಸರು

ಫ್ರಾನ್ಸ್ ದೇಶದ ದಕ್ಷಿಣ ತೀರದಲ್ಲಿ, ನೀಸ್ ಮತ್ತು ಮೊನಾಕೊಗಳ ನಡುವೆ, ಮೆಡಿಟರೇನಿಯನ್ ಸಮುದ್ರದೊಳಕ್ಕೆ ಚಾಚಿಕೊಂಡ ಪುಟ್ಟ ಭೂಶಿರವೊಂದಿದೆ. ಅದರ ಹೆಸರು ಕ್ಯಾಪ್ ಫೆರಾ. ಎತ್ತ ನೋಡಿದರೂ ನೀಲಿ ಕಡಲು, ಪೈನ್ ಮರಗಳ ನೆರಳು, ಅವುಗಳ ನಡುವೆ ಸಿರಿವಂತರ ಸೌಧಗಳು. ಜಗತ್ತಿನ ಅತ್ಯಂತ ಬೆಲೆಬಾಳುವ ನೆಲಗಳಲ್ಲಿ ಇದೂ ಒಂದು. ಇಲ್ಲಿನ ಎರಡು ಮನೆಗಳ ಕಥೆ, ಜೈನಧರ್ಮವು ಪರಿಗ್ರಹದ ಬಗ್ಗೆ ಹೇಳುವ ಮಾತಿಗೆ ಕನ್ನಡಿ ಹಿಡಿದಂತಿದೆ.

ಮೊದಲನೆಯದು ರಾಥ್ಸ್‌ಚೈಲ್ಡ್ ಮನೆತನದ ಬಿಯಾಟ್ರಿಸ್ ಎಫ್ರುಸಿ ಅವರದು. 1905ರಲ್ಲಿ ಅವರು ಇಲ್ಲಿ ಸುಮಾರು 7 ಹೆಕ್ಟೇರ್ ಜಾಗ ಕೊಂಡರು. ಅದು ಗಾಳಿಗೆ ಮೈಯೊಡ್ಡಿದ ಬರಿಯ ಬಂಡೆನೆಲ. ಬಂಡೆಯನ್ನು ಸಿಡಿಸಿ, ನೆಲವನ್ನು ಸಮತಟ್ಟು ಮಾಡಿ, ಮಣ್ಣು ತರಿಸಿ ತೋಟಗಳನ್ನು ನಿರ್ಮಿಸಲಾಯಿತು. 1907ರಲ್ಲಿ ಆರಂಭವಾದ ಗುಲಾಬಿ ಬಣ್ಣದ ಭವನ 1912ರಲ್ಲಿ ಪೂರ್ಣಗೊಂಡಿತು. ಎರಡೂ ಬದಿಗೆ ಕಡಲು ಕಾಣುವ ಈ ತೋಟವನ್ನು ಹಡಗಿನ ಅಟ್ಟದಂತೆ ರೂಪಿಸಲಾಗಿತ್ತು. ಅದಕ್ಕೆ ತಕ್ಕಂತೆ ತೋಟದಾಳುಗಳೂ ನಾವಿಕರ ಟೋಪಿ ಧರಿಸುತ್ತಿದ್ದರೆಂದು ಹೇಳುತ್ತಾರೆ. ಆದರೆ ಇಷ್ಟೆಲ್ಲ ಶ್ರಮದಿಂದ ಕಟ್ಟಿಸಿದ ಮನೆಯಲ್ಲಿ ಒಡತಿ ತಂಗಿದ್ದು ಅಪರೂಪ.

ಎರಡನೆಯದು ‘ಲೆ ಸೆದ್ರ್’ ಎಂಬ ಎಸ್ಟೇಟು. ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡ್ ಅದನ್ನು 1904ರಲ್ಲಿ ಕೊಂಡನು. ಅಷ್ಟಕ್ಕೇ ತೃಪ್ತನಾಗದೆ ಭೂಶಿರದ ಬೇರೆ ಬೇರೆ ಜಮೀನುಗಳನ್ನೂ ತನ್ನದಾಗಿಸಿಕೊಂಡನು. 1885ರಿಂದ 1908ರವರೆಗೆ ಆಫ್ರಿಕಾದ ಕಾಂಗೋ ನಾಡನ್ನು ಸ್ವಂತ ಆಸ್ತಿಯಂತೆ ಆಳಿದವನು ಇದೇ ದೊರೆ. ಅಲ್ಲಿ ರಬ್ಬರಿಗಾಗಿ ಜನರನ್ನು ಬಲವಂತದಿಂದ ದುಡಿಸಿ, ಒಪ್ಪಿಸಬೇಕಾದಷ್ಟು ಒಪ್ಪಿಸದವರಿಗೆ ಘೋರ ಶಿಕ್ಷೆ ನೀಡಲಾಗುತ್ತಿತ್ತು. 1909ರ ಡಿಸೆಂಬರಿನಲ್ಲಿ ದೊರೆ ತೀರಿಕೊಂಡನು. ಎಸ್ಟೇಟು 1924ರಲ್ಲಿ ಮದ್ಯೋದ್ಯಮಿ ಮನೆತನವೊಂದಕ್ಕೆ ಸೇರಿತು. 2019ರಲ್ಲಿ 20 ಕೋಟಿ ಯೂರೋಗಳಿಗೆ ಮತ್ತೆ ಮಾರಾಟವಾಯಿತು. ತೋಟ ಅಲ್ಲೇ ಇದೆ. ಒಡೆಯರು ಬದಲಾಗುತ್ತಲೇ ಇದ್ದಾರೆ.

ಜೈನಾಚಾರ್ಯರು ಬಾಹ್ಯ ಪರಿಗ್ರಹವನ್ನು ಹತ್ತು ಬಗೆಯಾಗಿ ವಿಂಗಡಿಸಿದ್ದಾರೆ. ಆ ಪಟ್ಟಿಯ ಮೊದಲೆರಡು ಹೆಸರುಗಳೇ ಕ್ಷೇತ್ರ ಮತ್ತು ವಾಸ್ತು, ಅಂದರೆ ಭೂಮಿ ಮತ್ತು ಮನೆ. ಚಿನ್ನ, ಬೆಳ್ಳಿ, ಧಾನ್ಯಗಳೆಲ್ಲ ಅನಂತರ ಬರುತ್ತವೆ. ಆದರೆ ತತ್ತ್ವಾರ್ಥಸೂತ್ರವು ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವನ್ನು ಹೆಸರಿಸುವುದಿಲ್ಲ, ಮೂರ್ಛೆಯನ್ನು ಹೆಸರಿಸುತ್ತದೆ. ‘ಇದು ನನ್ನದು’ ಎಂಬ ಭಾವದಲ್ಲಿ ಚಿತ್ತವು ಎಚ್ಚರ ತಪ್ಪುವುದೇ ಮೂರ್ಛೆ. ಹೂವು ಅರಳುವುದು ದೋಷವಲ್ಲ, ಕಡಲು ಸುಂದರವಾಗಿರುವುದೂ ದೋಷವಲ್ಲ. ಅವುಗಳ ಸುತ್ತ ಬೇಲಿ ಹಾಕಿಕೊಂಡ ಮನಸ್ಸು, ಆ ಬೇಲಿಯೊಳಗೆ ತಾನೇ ಸೆರೆಯಾಗುತ್ತದೆ. ವಾಸಿಸದ ಮನೆಯೂ ಮನಸ್ಸಿನಲ್ಲಿ ವಾಸಿಸುತ್ತಲೇ ಇರುತ್ತದೆ.

ಮುನಿಗೆ ಪರಿಗ್ರಹದ ಸಂಪೂರ್ಣ ತ್ಯಾಗ ವಿಹಿತವಾದರೆ, ಗೃಹಸ್ಥನಿಗೆ ವಿಹಿತವಾದುದು ಪರಿಮಾಣ. ಇಷ್ಟು ಭೂಮಿ, ಇಷ್ಟು ಮನೆ, ಇದಕ್ಕಿಂತ ಹೆಚ್ಚು ಬೇಡ ಎಂದು ತಾನೇ ಎಲ್ಲೆ ಗೊತ್ತುಮಾಡಿಕೊಳ್ಳುವ ಅಣುವ್ರತವಿದು. ಮನಸ್ಸಿನ ಕಳ್ಳದಾರಿಗಳನ್ನೂ ಆಚಾರ್ಯರು ಬಲ್ಲರು. ಒಂದೇ ಮನೆ ಸಾಕೆಂದು ವ್ರತ ತೊಟ್ಟವನು ಪಕ್ಕದ ಮನೆಯನ್ನೂ ಕೊಂಡು, ನಡುಗೋಡೆ ಕೆಡವಿ, ‘ಈಗಲೂ ಒಂದೇ ಮನೆ’ ಎಂದುಕೊಂಡರೆ ಅದು ವ್ರತಕ್ಕೆ ತಗುಲುವ ಅತಿಚಾರ. ಜಮೀನಿಗೆ ಜಮೀನು ಸೇರಿಸುತ್ತ ಹೋದ ದೊರೆಗೆ ಅಂತಹ ಎಲ್ಲೆಯೇ ಇರಲಿಲ್ಲ.

ಪರಿಮಾಣಕ್ಕೂ ಮೊದಲು ಬರುವ ಪ್ರಶ್ನೆ, ಧನವು ಬಂದ ದಾರಿ ಯಾವುದು ಎಂಬುದು. ಶ್ರಾವಕನ ಧನ ನ್ಯಾಯೋಪಾತ್ತವಾಗಿರಬೇಕು, ನ್ಯಾಯಮಾರ್ಗದಿಂದ ಗಳಿಸಿದ್ದಾಗಿರಬೇಕು. ಕಾಂಗೋದ ಕಾಡಿನಲ್ಲಿ ಹರಿದ ಕಣ್ಣೀರು ಕ್ಯಾಪ್ ಫೆರಾದ ಹೂದೋಟದಲ್ಲಿ ಕಾಣಿಸದಿರಬಹುದು, ಆದರೆ ಕರ್ಮದ ಲೆಕ್ಕದಿಂದ ಅದು ಮರೆಯಾಗದು. ತೋಟದೊಳಗಿನ ಹಿಂಸೆಯನ್ನೂ ಧರ್ಮವು ಗಮನಿಸುತ್ತದೆ. ನೆಲ, ನೀರು, ಗಿಡಗಳೆಲ್ಲ ಏಕೇಂದ್ರಿಯ ಜೀವಗಳ ನೆಲೆ. ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಸುರಿಯುವುದು, ಗಿಡ ಕಡಿಯುವುದು ಅನರ್ಥದಂಡದ ಒಂದು ಬಗೆಯಾದ ಪ್ರಮಾದಚರ್ಯೆ ಎನಿಸುತ್ತವೆ. ಮೆಡಿಟರೇನಿಯನ್ ತೀರದಲ್ಲಿ ಮಳೆ ಬೀಳುವುದು ಹೆಚ್ಚಾಗಿ ಚಳಿಗಾಲದಲ್ಲಿ. ಬೇಸಿಗೆ ಒಣ ಬೇಸಿಗೆ. ಆಲಿವ್, ಲ್ಯಾವೆಂಡರ್, ರೋಸ್‌ಮೇರಿಗಳು ಆ ಬಿಸಿಲನ್ನು ತಾಳಿಕೊಂಡು ಬದುಕುತ್ತವೆ. ಹಸಿರು ಹುಲ್ಲುಹಾಸಿಗೆ ಮಾತ್ರ ನೀರು ಹರಿಸುತ್ತಲೇ ಇರಬೇಕು. ಎಷ್ಟು ಅಗತ್ಯ, ಎಷ್ಟು ಆಡಂಬರ ಎಂಬ ವಿವೇಕ ಅಲ್ಲಿ ಬೇಕಾಗುತ್ತದೆ.

ಬಿಯಾಟ್ರಿಸ್ ಅವರ ಕಥೆಯ ಕೊನೆ ಬೇರೆ ಬಗೆಯದು. 1934ರಲ್ಲಿ ಅವರು ತೀರಿಕೊಂಡಾಗ ಮನೆ, ತೋಟ ಮತ್ತು ಕಲಾಸಂಗ್ರಹಗಳು ಅವರ ಇಚ್ಛೆಯಂತೆ ಫ್ರಾನ್ಸಿನ ಲಲಿತಕಲಾ ಅಕಾಡೆಮಿಗೆ ಸಂದವು. ಒಬ್ಬರೂ ಸರಿಯಾಗಿ ವಾಸಿಸದ ಮನೆಗೆ ಇಂದು ಸಾವಿರಾರು ಜನ ಬಂದು, ನೋಡಿ, ಸಂತೋಷಪಟ್ಟು ಹೋಗುತ್ತಾರೆ. ತೋಟ ಅದೇ, ಕಡಲು ಅದೇ. ‘ನನ್ನದು’ ಎಂಬ ಮಾತೊಂದು ಕಳಚಿದೆ.

ಆದಿನಾಥರ ಪುತ್ರ ಭರತನು ಷಟ್ಖಂಡಗಳನ್ನು ಗೆದ್ದು ವೃಷಭಾಚಲಕ್ಕೆ ಬಂದ ಪ್ರಸಂಗ ಇಲ್ಲಿ ನೆನಪಾಗುತ್ತದೆ. ತನ್ನ ಹೆಸರನ್ನು ಗಿರಿಯ ಮೇಲೆ ಕೆತ್ತಿಸಬೇಕೆಂಬುದು ಚಕ್ರವರ್ತಿಯ ಬಯಕೆ. ನೋಡಿದರೆ ಬಂಡೆಯ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳು. ಒಂದು ಹೆಸರಿಗೂ ತೆರವಿಲ್ಲ. ಯಾರದೋ ಹೆಸರನ್ನು ಅಳಿಸಿ ತನ್ನದನ್ನು ಬರೆಯಬೇಕಾಯಿತು. ಆ ಕ್ಷಣದಲ್ಲಿ ಅವನ ಗರ್ವ ಕುಗ್ಗಿತು. ಅಳಿಸಿದ ಕೈಗೆ, ತನ್ನ ಹೆಸರೂ ಅಳಿಯುವುದೆಂದು ತಿಳಿಯದೆ ಇದ್ದೀತೆ?

ಕ್ಯಾಪ್ ಫೆರಾದ ಕ್ರಯಪತ್ರಗಳೂ ಅಂತಹ ಬಂಡೆಗಳೇ, ಪ್ರತಿಯೊಬ್ಬರ ಮನೆಯ ಪೆಟ್ಟಿಗೆಯಲ್ಲಿರುವ ಹಕ್ಕುಪತ್ರವೂ ಅಂತಹದೇ. ಅದರಲ್ಲಿ ಹೆಸರಿರುವಷ್ಟು ಕಾಲ ನೆಲವನ್ನು ನೋಯಿಸದೆ ಕಾಪಾಡುವುದು, ಸಾಕೆನ್ನುವ ಎಲ್ಲೆಯನ್ನು ತಾನೇ ಎಳೆದುಕೊಳ್ಳುವುದು, ಮಿಕ್ಕುದನ್ನು ಬದುಕಿರುವಾಗಲೇ ದಾನಮಾಡುವುದು ಶ್ರಾವಕನಿಗೆ ಸಾಧ್ಯವಿರುವ ಸಾಧನೆ. ಹೆಸರನ್ನು ಕಾಲ ಅಳಿಸುವ ಮುನ್ನ ಮಮಕಾರವನ್ನು ತಾನೇ ಅಳಿಸಿಕೊಂಡವನು ಧನ್ಯ.