ಸಿದ್ದಾಪುರಕ್ಕೆ ಬಾರದ ಕೆಂಪು ಬಸ್ಸು

‘ಮಾವ, ನಮ್ಮ ಕೆಂಪು ಬಸ್ಸು ಬರ್ತಾನೇ ಇಲ್ಲ.’

ಸಿದ್ದಾಪುರದಲ್ಲಿ ಜುಲೈ ಮಳೆ, ಶಾಲೆಗೆ ರಜೆ, ಕರೆಂಟಿಲ್ಲ. ಗುಡ್ಡೆಹೊಸೂರು ಕಡೆ ರಸ್ತೆಗೆ ಮರ ಬಿದ್ದಿರಬೇಕು ಎಂದುಕೊಂಡೆ. ಅಕ್ಕನ ಮಗ ಫೋನು ಮುಂದೆ ಹಿಡಿದ. ಅವನ ಬಸ್ಸು ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ದ್ದು.

ಇಂಡೋನೇಷ್ಯಾದ ಮಾಲಿಯೊ ಕಂಪನಿ 2017ರಲ್ಲಿ ತಂದ ಈ ಆಟದಲ್ಲಿ ಮೂಲತಃ ಓಡುವುದು ಅವರೂರಿನ ಬಸ್ಸುಗಳು. ನಮ್ಮ ರಾಜಹಂಸ, ಐರಾವತಗಳನ್ನು ಹತ್ತಿಸಿದವರು ಆಡುವ ಹುಡುಗರೇ. ಹಾಗೆ ಹೊರಗಿನಿಂದ ಸೇರಿಸಿದ ಕಡತಕ್ಕೆ ಮಾಡ್ ಎನ್ನುತ್ತಾರೆ.

ಇದರ ಒಂದು ಮುಖ್ಯ ಬೇರು 1993ರ ‘ಡೂಮ್’ ಆಟದಲ್ಲಿದೆ. ಅದನ್ನು ಮಾಡಿದ ಐಡಿ ಸಾಫ್ಟ್‌ವೇರ್, ಆಟ ನಡೆಸುವ ಎಂಜಿನ್ನನ್ನು ಒಂದು ಕಡೆ, ನಕ್ಷೆ-ಚಿತ್ರ-ಸದ್ದುಗಳನ್ನು ‘ವ್ಯಾಡ್’ ಕಡತದಲ್ಲಿ ಇನ್ನೊಂದು ಕಡೆ ಇಟ್ಟಿತು. ಚಾಸಿ ಒಬ್ಬರದು, ಬಾಡಿ ಕಟ್ಟುವವರು ಇನ್ನೊಬ್ಬರು. ನಮ್ಮ ಬಸ್ಸುಗಳ ಕಥೆಯೇ. 1999ರಲ್ಲಿ ಇಬ್ಬರು ಹುಡುಗರು ‘ಹಾಫ್ ಲೈಫ್’ ಆಟದ ಚಾಸಿಯ ಮೇಲೆ ಕಟ್ಟಿದ ಬಾಡಿಯೇ ‘ಕೌಂಟರ್ ಸ್ಟ್ರೈಕ್’.

ಫಜೀತಿಯೂ ಅಲ್ಲಿಂದಲೇ ಶುರು. ಆಟಕ್ಕೆ ಅಪ್‌ಡೇಟ್ ಬಂದರೆ ಚಾಸಿ ಬದಲಾದಂತೆ. ಹಳೆಯ ಬಾಡಿ ಕೂರುವುದಿಲ್ಲ. ಕಂಪ್ಯೂಟರಿನ ‘ಯೂರೋ ಟ್ರಕ್ ಸಿಮ್ಯುಲೇಟರ್ 2’ರಲ್ಲಾದರೆ ಎಡವಿದ್ದೆಲ್ಲಿ ಎಂದು ‘ಗೇಮ್ ಲಾಗ್’ ಕಡತ ತೆರೆದು ನೋಡಬಹುದು. ಎರಡು ಮಾಡ್‌ಗಳು ಗುದ್ದಾಡಿದರೆ ಪಟ್ಟಿಯಲ್ಲಿ ಮೇಲಿರುವುದರ ಮಾತೇ ನಡೆಯುತ್ತದೆ. ಫೋನಿನಲ್ಲಿ ಬಸ್ಸು ಸುಮ್ಮನೆ ಕಾಣುವುದಿಲ್ಲ, ಅಷ್ಟೇ. 2020ರ ಆಂಡ್ರಾಯ್ಡ್ 11ರ ನಂತರವಂತೂ ಒಂದು ಆ್ಯಪ್‌ನ ಕೋಣೆಗೆ ಇನ್ನೊಂದು ಕೈ ಹಾಕದಂತೆ ಬೀಗ ಬಿದ್ದಿದೆ. ಸುರಕ್ಷತೆಗೆ ಒಳ್ಳೆಯದೇ, ಆದರೆ ಮಾಡ್ ಸೇರಿಸುವುದನ್ನು ಕಲಿಸುವ ಹಳೆಯ ವಿಡಿಯೊ ತೋರಿಸುವ ಫೋಲ್ಡರ್ ಹುಡುಕುತ್ತಾ ಅರ್ಧ ಚಾರ್ಜ್ ಮುಗಿಯಿತು.

ತಪ್ಪು ನನ್ನದೇ ಆಗಿತ್ತು. ಇಳಿಸಿಕೊಂಡದ್ದು ಜಿಪ್ ಕಡತ. ಅದನ್ನು ಬಿಚ್ಚದೆ, ಕೊನೆಯ ‘ಜಿಪ್’ ಅಳಿಸಿ ‘ಬಸಿಡ್‌ಮಾಡ್’ ಎಂದು ಬರೆದಿದ್ದೆ. ಡಬ್ಬದ ಚೀಟಿ ಬದಲಿಸಿದರೆ ಒಳಗಿನ ಮೆಣಸು ಕಾಫಿಯಾಗುತ್ತದೆಯೇ? ಬಿಚ್ಚಿದಾಗ ಒಳಗೆ ನಿಜವಾದ ಕಡತವಿತ್ತು.

ಕೊನೆಗೂ ಬಸ್ಸು ಬಂತು. ಕೆಂಪು ಬಣ್ಣ, ಮೇಲೆ ಕೆಎಸ್‌ಆರ್‌ಟಿಸಿ. ಹುಡುಗ ಬೋರ್ಡು ಓದಿ ಮುಖ ಸಿಂಡರಿಸಿದ. ಆ ಹೆಸರಿಗಾಗಿ ಎರಡು ರಾಜ್ಯಗಳೇ ಕಾನೂನು ಹೋರಾಟ ನಡೆಸಿದವು. ನಾವು ಎಡವಿದ್ದರಲ್ಲಿ ಆಶ್ಚರ್ಯವೇನು? ಇಳಿಸಿಕೊಳ್ಳುವ ಮೊದಲು ಹೆಸರಿನ ಪಕ್ಕದ ಚಿತ್ರವನ್ನೂ ನೋಡಿ. ನಮಗೆ ಬಂದದ್ದು ಕೇರಳದ್ದು.